ಹಾಲಿನ ಕವರಿನ ಮೂಲೆ

ಮಂಡ್ಯದ ಗುತ್ತಲು ರಸ್ತೆ ಮುಗಿದು ನಾಲೆ ತಿರುಗುವ ಕಡೆ
ಒಂದು ಕಾಲಕ್ಕೆ ಆಲೆಮನೆಯಾಗಿದ್ದ ಷೆಡ್ಡು ನಮ್ಮದು.
ನಮ್ಮದು ಅಂದರೆ ಹನ್ನೊಂದು ಹೆಂಗಸರದು,
ಎರಡು ತಿಂಗಳ ಬಾಡಿಗೆ ಬಾಕಿ.
ಕೊಪ್ಪರಿಗೆ ಕೂತಿದ್ದ ಗುಳಿಯ ಮೇಲೆ ಹಲಗೆ ಹಾಸಿ
ತಕ್ಕಡಿ ಇಟ್ಟಿದ್ದೇವೆ.
ಬೆಲ್ಲದ ಕೊನೇ ಪಾಕ ಇಳಿದು ಇಪ್ಪತ್ತು ವರ್ಷವಾಯಿತು,
ಇರುವೆಗಳಿಗೆ ಯಾರೂ ಹೇಳಿಲ್ಲ.
ಹೊತ್ತು ಇಳಿದರೆ ಸಾಲುಗಟ್ಟಿ ಬರುತ್ತವೆ,
ಮಾವಿನ ಜ್ಯೂಸಿನ ಬಾಟಲಿಗಳ ತಳ ನೆಕ್ಕಿ
ಬಂದದ್ದಕ್ಕೆ ಮೋಸವಿಲ್ಲ ಅನ್ನುವ ಹಾಗೆ ಹೋಗುತ್ತವೆ.

ಆರು ಗಂಟೆಗೆ ಗಾಡಿ ತಳ್ಳುತ್ತೇನೆ.
ಗಂಟೆ ಇಲ್ಲ, ಗಂಟಲಿದೆ:
"ಕವರ್ರೇ... ಬಾಟ್ಲೇ... ತೊಳ್ದಿದ್ರೆ ಕೊಡ್ರವ್ವಾ!"
ಮೊದಲ ತಿಂಗಳು ಬಾಗಿಲು ತೆರೆದದ್ದು ಮೂರೇ ಮನೆ.
ನಾಲ್ಕನೆಯದರಲ್ಲಿ ನಾಯಿ ತೆರೆಯಿತು.

ಈಗ ಇನ್ನೂರ ಹದಿನಾರು.
ಎಷ್ಟೋ ಜನರ ಹೆಸರು ಗೊತ್ತಿಲ್ಲ, ಕಸ ಗೊತ್ತು.
ಅರ್ಧ ಲೀಟರಿನವು ಎರಡಿದ್ದದ್ದು ಒಂದಕ್ಕೆ ಇಳಿದರೆ
ಟೈಲರ್ ಇಲಿಯಾಸಣ್ಣನ ಮಿಷನ್ನು ಸುಮ್ಮನಿದೆ ಅಂತ.
ಬಿಸ್ಕತ್ತಿನ ಕವರಿನ ಹೊಟ್ಟೆಯೊಳಗೆ
ಗುಟ್ಕಾ ಚೀಟಿ ಮಡಚಿ ಕೊಡುವ ಹುಡುಗನ ಗುಟ್ಟು
ನನ್ನ ಹತ್ತಿರ ಕ್ಷೇಮ.
ಅದಕ್ಕೆ ರೇಟೂ ಇಲ್ಲ, ಕೊಳ್ಳುವವರೂ ಇಲ್ಲ.

ಯಾರ ಮೇಲೂ ನನಗೆ ಬೇರೆ ಜಗಳವಿಲ್ಲ.
ಒಂದೇ: ಹಾಲಿನ ಕವರಿನ ಮೂಲೆ.
ಕತ್ತರಿ ಹಾಕಿ, ಉಗುರಿನಷ್ಟು ಚೂರು ಕತ್ತರಿಸಿ
ಸಿಂಕಿಗೋ ಸೊಪ್ಪಿನ ದಂಟಿನ ಜೊತೆಗೋ ಬಿಡುತ್ತೀರಲ್ಲ,
ಅದು.
ದೊಡ್ಡದು ತೊಳೆದು ನಮ್ಮ ಕೈಗೆ ಕೊಡುತ್ತೀರಿ, ಸರಿ.
ಚಿಕ್ಕದು ಮೋರಿಗೆ, ನಾಲೆಗೆ, ಗದ್ದೆಯ ಬದುವಿಗೆ,
ಬದುವಿನ ಹುಲ್ಲಿನ ಜೊತೆ ಹಸುವಿನ ಹೊಟ್ಟೆಗೆ.
ಆ ಹಸುವಿನ ಹಾಲು ಮತ್ತೆ ಕವರಿಗೆ.

"ಪೂರಾ ಕತ್ತರಿಸಬೇಡ್ರವ್ವಾ,
ಕಿವಿ ಹಂಗೇ ಜೋತಾಡ್ಲಿ."
ಮನೆ ಮನೆಗೂ ಹೇಳಿದೆ.
"ಏನ್ ಜವರಮ್ಮ, ಇಷ್ಟ್ ತುಂಡ್ಗೆ ಅಷ್ಟುದ್ದ ಮಾತಾ?"
ನಕ್ಕರು. ನಗಲಿ, ಬಾಗಿಲಂತೂ ತೆರೆದಿತ್ತು.

ಲೆಕ್ಕ ಬರೆಯುವ ಶಿವನಂಜಿ ನಗಲಿಲ್ಲ.
ಮೈಸೂರಿನ ಸೇಟು ತೇವ ಇದೆ ಅಂತ
ಕಿಲೋಗೆ ಎರಡು ರೂಪಾಯಿ ಮುರಿದಿದ್ದ ವಾರ ಅದು.
"ಮಾತಾಡ್ತಾ ನಿಂತ್ರೆ ಹತ್ತು ಮನೆ ತಪ್ತವೆ ಕಣಕ್ಕ.
ತೂಕ ಬರೋದ್ ತಾ."

ತಂದೆ.
ಇಪ್ಪತ್ತೆಂಟು ಮನೆಯವರು ಒಂದು ತಿಂಗಳು ಕೂಡಿಟ್ಟ ಮೂಲೆಗಳು,
ಒಂದು ಹಾರ್ಲಿಕ್ಸ್ ಸೀಸೆಯ ಕಾಲುಭಾಗ.
ಹಲಗೆಯ ಮೇಲಿನ ತಕ್ಕಡಿಗೆ ಸುರಿದೆ.
ಮುಳ್ಳು ಅಲುಗಲಿಲ್ಲ.
ಹತ್ತು ಜನ ಬಗ್ಗಿ ನೋಡಿದರು.
ಫ್ಯಾನಿನ ಗಾಳಿಗೆ ನಾಲ್ಕು ಚೂರು ಹಾರಿದವು,
ಹಿಡಿಯಲು ಓಡಿದವಳು ಶಿವನಂಜಿಯೇ.
ಬೈಯುತ್ತಲೇ ಓಡಿದಳು.

ಇಷ್ಟೇ ಆಗಿದ್ದರೆ ಇದನ್ನು ಹೇಳುತ್ತಿರಲಿಲ್ಲ.

ಮೊನ್ನೆ ನಸುಕಿಗೆ ಕರೆಂಟಿಲ್ಲ.
ಒಲೆಯ ಮೇಲೆ ಟೀ ಡಿಕಾಕ್ಷನ್ನು ಉಕ್ಕುತ್ತಿದೆ,
ಕತ್ತರಿ ಕೈಗೆ ಸಿಗಲಿಲ್ಲ.
ಹಲ್ಲಿನಿಂದ ಕಚ್ಚಿದೆ, ಕಿತ್ತೆ,
ಥೂ ಅಂತ ಉಗಿದೆ.
ಹಾಲು ಅರ್ಧ ಬಗ್ಗಿಸಿದ ಮೇಲೆ ಗೊತ್ತಾಯಿತು
ಉಗಿದದ್ದು ಏನು ಅಂತ.

ಮೊಬೈಲಿನ ಟಾರ್ಚು ಹಿಡಿದು ಮಂಡಿಯೂರಿದೆ.
ಒಲೆಗಲ್ಲಿನ ಸಂದಿ, ಬಿಂದಿಗೆಯ ಹಿಂದೆ, ಬಾಗಿಲ ಹೊಸಿಲು.
ಟೀ ಉಕ್ಕಿ ಒಲೆ ಆರಿತು.
ಹುಡುಗಿ ಎದ್ದು "ಏನವ್ವಾ, ಓಲೆ ಬಿತ್ತಾ?" ಅಂದಳು.
ಹೂಂ ಅಂದೆ.

ನನಗಿಂತ ಮೊದಲು ಇರುವೆಗಳಿಗೆ ಸಿಕ್ಕಿತ್ತು.
ಅಂಟಿದ ಒಂದು ಹನಿ ಹಾಲಿಗೆ ಸುತ್ತ ಕೂತಿದ್ದವು,
ಪಂಕ್ತಿಗೆ ಕೂತ ಹಾಗೆ.
ಅವು ಏಳುವ ತನಕ ಕಾದೆ.
ಆಮೇಲೆ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು
ಗಾಡಿ ತೆಗೆದೆ.

ಆ ದಿನ ಕೂಗುವಾಗ
ನನ್ನ ಮನೆಯ ಬಾಗಿಲಿನಿಂದಲೇ ಶುರು ಮಾಡಿದೆ,
ದನಿ ಸ್ವಲ್ಪ ತಗ್ಗಿಸಿ.